ಚಂದ್ರನ ಮೇಲೊಂದು ಕೆಂಪು ಗೀಟು

ಮೊಮ್ಮಗಳ ಚಿತ್ರದ ಪುಸ್ತಕ ನೋಡಿದಾಗಿನಿಂದ ಮಂಡೆಬಿಸಿ. ತೆಂಗಿನ ಮರ, ಬಸ್ಸು, ಒಂದು ಮೂಲೆಯಲ್ಲಿ ಸೂರ್ಯ, ಇನ್ನೊಂದು ಮೂಲೆಯಲ್ಲಿ ಅರ್ಧ ಚಂದ್ರ. ಚಂದ್ರನ ಮೇಲೆ ಟೀಚರು ಎಳೆದ ಕೆಂಪು ಗೀಟು. ಕೆಳಗೆ, 'ಹಗಲು ಚಂದ್ರ ಬರುವುದಿಲ್ಲ'.

ಬರುವುದಿಲ್ಲವಂತೆ! ಅವನಿಗೆ ಯಾರು ನೋಟೀಸು ಕೊಟ್ಟರೋ.

ಮೊನ್ನೆ ಬಹುಳ ಅಷ್ಟಮಿ. ಬೆಳಿಗ್ಗೆ ಎಂಟೂವರೆಗೆ ಕುಂಬಳೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. "ಅಜ್ಜ, ಚಂದ್ರನಿಗೆ ಮನೆಗೆ ಹೋಗ್ಲಿಕ್ಕೆ ಇಲ್ವಾ?" ಎಂದು ಪಡುಗಡೆ ಕೈ ತೋರಿಸಿದ್ದೇ ಅವಳು. ಅಷ್ಟಮಿಯ ಚಂದ್ರ ನಡುರಾತ್ರಿ ಹೊತ್ತಿಗೆ ಹುಟ್ಟಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಳುಗುವವನು. ಹುಡುಗಿ ಕಂಡದ್ದನ್ನೇ ಬರೆದಿದ್ದಾಳೆ. ಬೆಳಗುವ ಮೈ ಸೂರ್ಯನ ಕಡೆಗೇ ಇದೆ! ದೊಡ್ಡವರೂ ತಪ್ಪುವ ಜಾಗ ಅದು.

"ಸಣ್ಣ ಮಕ್ಕಳಿಗೆ ಅಷ್ಟೆಲ್ಲ ಯಾಕೆ ಮಾಷ್ಟ್ರೇ? ಹಗಲು ಸೂರ್ಯ, ರಾತ್ರಿ ಚಂದ್ರ ಎಂದರೆ ಸಾಕಲ್ವಾ?" ಎಂದರು ಒಬ್ಬರು. ಸಾಕು, ಮಗು ಮೇಲೆ ನೋಡದಿದ್ದರೆ. ನೋಡಿಬಿಟ್ಟಿತಲ್ಲ!

ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವ ಗಿರಾಕಿ ಅವನು. ಸೂರ್ಯ ಮುಳುಗುವಾಗ ಸರಿಯಾಗಿ ಡ್ಯೂಟಿಗೆ ಬರುವುದು ಹುಣ್ಣಿಮೆಗೆ ಮಾತ್ರ. ತಿಂಗಳಿಡೀ ಲೆಕ್ಕ ಹಾಕಿದರೆ ಅವನು ಆಕಾಶದಲ್ಲಿರುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ಹಗಲೇ. ಅಮಾವಾಸ್ಯೆಯ ಆಚೀಚೆ ಸೂರ್ಯನ ಹತ್ತಿರವಿದ್ದು ಕಾಣುವುದಿಲ್ಲ, ಅಷ್ಟೇ. ಕನ್ನಡದಲ್ಲಿ ತಿಂಗಳು, ಮಲಯಾಳದಲ್ಲಿ ತಿಂಗಳ್, ತುಳುವಿನಲ್ಲಿ ತಿಂಗೊಳು. ಕಾಸರಗೋಡಿನ ನಮಗೆ ಮೂರು ಭಾಷೆಯಲ್ಲಿ ಅವನ ಹೆಸರು ಗೊತ್ತು. ಟೈಮು ಮಾತ್ರ ಗೊತ್ತಿಲ್ಲ.

ನನ್ನ ಅಜ್ಜಿಯದ್ದೂ ಇದೇ ಕತೆ. ಚೌತಿ ಚಂದ್ರನನ್ನು ನೋಡಿದರೆ ಕಳ್ಳತನದ ಅಪವಾದ ಬರುತ್ತದೆಂದು ಸಂಜೆಯಾದ ಮೇಲೆ ಅಂಗಳಕ್ಕೆ ಬಿಡುತ್ತಿರಲಿಲ್ಲ. ಆ ಚಂದ್ರ ಹುಟ್ಟುವುದೇ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಹಗಲಿಡೀ ನಮ್ಮ ಮಂಡೆಯ ಮೇಲೆಯೇ ಇದ್ದ. ಆಗ ಅಂಗಳದಲ್ಲಿ ಕುಣಿಯುತ್ತಿದ್ದೆವು, ಅಜ್ಜಿ ಏನೂ ಹೇಳಲಿಲ್ಲ!

ಬಾಯಿಗೆ ಬಂದದ್ದನ್ನು ಹೇಳಿಯೇ ಬಿಡುತ್ತೇನೆ. ಒಂದನೇ ಕ್ಲಾಸಿಗೆ ಪಾಠ ಮಾಡುವಾಗ ನಾನೂ ಇಂಥದ್ದೇ ಗೀಟು ಹಾಕಿದ್ದೇನೆ. ಆ ಹುಡುಗ ಎದುರು ಮಾತಾಡಲಿಲ್ಲ. ಕಾಗದ ತೂತಾಗುವವರೆಗೆ ರಬ್ಬರಿನಲ್ಲಿ ಉಜ್ಜಿದ. ಈಗ ಗಲ್ಫಿನಲ್ಲಿದ್ದಾನಂತೆ.

ಇವಳೂ ನಿನ್ನೆ ರಬ್ಬರು ಹುಡುಕುತ್ತಿದ್ದಳು. ಕಿತ್ತು ನನ್ನ ಕಿಸೆಗೆ ಹಾಕಿಕೊಂಡೆ. ನಾಳೆ ಏಕಾದಶಿ. ಎಂಟೂವರೆಗೆ ಚಂದ್ರ ತೆಳ್ಳಗಾಗಿ ನೆತ್ತಿಯ ಹತ್ತಿರ ಇರುತ್ತಾನೆ. ಮೋಡ ಇಲ್ಲದಿದ್ದರೆ ಶಾಲೆಯ ಅಂಗಳದಿಂದಲೇ ಕಾಣಬೇಕು. ಟೀಚರನ್ನು ಒಂದು ನಿಮಿಷ ಹೊರಗೆ ಕರೆಯುವುದಿದೆ.