ಕರೆಂಟು ಹೋದರೆ ಸರಿಹೋಗುವ ಸರ್ವರ್

ರಾಯಚೂರಿನ ಅಕ್ಕಿ ಗಿರಣಿಯೊಂದಕ್ಕೆ ನಾವು ನೋಡ್ ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ವೇದಿಕೆಯಲ್ಲಿ ಬರೆದುಕೊಟ್ಟ ತಂತ್ರಾಂಶದ ಕೆಲಸ ಬಹಳ ಸರಳವಾದದ್ದು: ಭತ್ತದ ಲಾರಿಯ ತೂಕ ದಾಖಲಾದ ಕೂಡಲೇ ಒಂದು ಈವೆಂಟ್, ಅಂದರೆ ಹೀಗಾಯಿತೆಂಬ ಸೂಚನೆ, ಹೊರಡಬೇಕು, ಅದು ಹೊರಟಾಗ ಓಡಲೆಂದು ಕಟ್ಟಿದ ಕಾಲ್‌ಬ್ಯಾಕ್ ಎಂಬ ಫಂಕ್ಷನ್ ಸಾಹುಕಾರರ ಮೊಬೈಲಿಗೆ ಒಂದು ಸಂದೇಶ ಕಳಿಸಬೇಕು. ನಿನ್ನೆ ಸಾಹುಕಾರರು ಫೋನ್ ಮಾಡಿ, "ಬಂದಿದ್ದು ಒಂದ ಲಾರಿ, ಫೋನ್ ಒಂದೇ ಸಮನ ಹೊಯ್ಕೊಳ್ಳಾಕತ್ತದ. ನೆಲ್ಲು ಏನು ರೈಲಿನ್ಯಾಗ ಬಂತೇನ್ರಿ?" ಎಂದು ಕೇಳಿದರು.

ಸರ್ವರ್ ಶುರುವಾಗುವಾಗ ಒಮ್ಮೆ ಮಾತ್ರ ನೋಂದಾಯಿಸಬೇಕಾದ ಲಿಸನರನ್ನು (ಈವೆಂಟಿಗೆ ಕಟ್ಟಿದ ಕಾಲ್‌ಬ್ಯಾಕಿಗೇ ಈ ಹೆಸರು) ನಮ್ಮ ಕಿರಿಯ ಸಹೋದ್ಯೋಗಿ ಪ್ರತಿ ರಿಕ್ವೆಸ್ಟ್ ನಿಭಾಯಿಸುವ ಫಂಕ್ಷನ್ನಿನ ಒಳಗೇ ಬರೆದಿದ್ದ. ಲಾರಿ ಬಂದಾಗಲೆಲ್ಲ ಹೊಸದೊಂದು ಲಿಸನರ್ ಸೇರಿ, ಮೊದಲ ಲಾರಿಗೆ ಒಂದು ಸಂದೇಶ, ಎರಡನೆಯದಕ್ಕೆ ಎರಡು, ಇಪ್ಪತ್ತನೆಯದಕ್ಕೆ ಇಪ್ಪತ್ತು. ಈವೆಂಟ್ ಹೊರಟಾಗಲೆಲ್ಲ ನೋಂದಣಿಯ ಕ್ರಮದಲ್ಲೇ, ಬೀಗರೂಟದ ಪಂಕ್ತಿಯಂತೆ, ಒಬ್ಬರನ್ನೂ ಬಿಡದೆ ಬಡಿಸಲಾಗುತ್ತಿತ್ತು.

ನೋಡ್ ಇದನ್ನು ಹೇಳದೆ ಬಿಡುವುದಿಲ್ಲ. ಒಂದೇ ಈವೆಂಟಿಗೆ 10ಕ್ಕಿಂತ ಹೆಚ್ಚು ಲಿಸನರ್‌ಗಳು ಸೇರಿದರೆ, ಮೆಮೊರಿ ಸೋರುತ್ತಿರಬಹುದೆಂದು, ಅಂದರೆ ಬೇಡದ್ದೆಲ್ಲ ಉಳಿದು ಮೆಮೊರಿ ತುಂಬುತ್ತಿರಬಹುದೆಂದು, ಎಚ್ಚರಿಸುತ್ತದೆ. ಆದರೆ ಎಚ್ಚರಿಕೆಯನ್ನು ಓದುವ ಬದಲು ಅದು ಕಾಣದಂತೆ ಮಾಡುವುದರಲ್ಲಿ ನಮ್ಮ ಹುಡುಗ ನಿಷ್ಣಾತ. ಆ ಮಿತಿಯನ್ನು ನಿಗದಿಮಾಡುವ ಸೆಟ್‌ಮ್ಯಾಕ್ಸ್‌ಲಿಸನರ್ಸ್‌ಗೆ ಸೊನ್ನೆ ಕೊಟ್ಟು ಮಿತಿಯನ್ನೇ ತೆಗೆದುಹಾಕಿ, "ಎಚ್ಚರಿಕೆ ಹೋಯ್ತಲ್ರಿ ಸರ್" ಎಂದ. ಏನಾದರೂ ತಪ್ಪಾದಾಗ ಹೊರಡುವ ಎರರ್ ಈವೆಂಟಿಗೆ ಲಿಸನರ್ ಇಲ್ಲದಿದ್ದರೆ ಪ್ರೋಗ್ರಾಮೇ ಬಿದ್ದುಹೋಗುತ್ತದೆಂದು ತಿಳಿದಾಗ ಅದಕ್ಕೊಂದು ಖಾಲಿ ಕಾಲ್‌ಬ್ಯಾಕ್ ಕಟ್ಟಿ, "ಇನ್ನ ಬೀಳೋದೇ ಇಲ್ರಿ" ಎಂದು ಹೆಮ್ಮೆಪಟ್ಟ. ಅವನ ಬೈಕಿನ ಪೆಟ್ರೋಲ್ ದೀಪದ ಮೇಲೂ ಕಪ್ಪು ಟೇಪು ಅಂಟಿದೆ; ರಾತ್ರಿ ಕಣ್ಣಿಗೆ ಹೊಡೆಯುತ್ತದಂತೆ!

ಇಷ್ಟು ದಿನ ಇದು ಹೊರಬೀಳದಿರಲು ಕಾರಣ ಕರೆಂಟು. ಲಿಸನರ್‌ಗಳು ಮೆಮೊರಿಯಲ್ಲಷ್ಟೇ ಇರುವುದರಿಂದ ಸರ್ವರ್ ಒಮ್ಮೆ ಆರಿದರೆ ಲೆಕ್ಕ ಮತ್ತೆ ಒಂದರಿಂದ ಶುರು. ಗಿರಣಿಯ ಯುಪಿಎಸ್ ಎಂದೋ ಕೈಕೊಟ್ಟಿದೆ. ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇಟ್ಟುಕೊಂಡೂ ನಮಗೆ ಕರೆಂಟಿಲ್ಲವಲ್ಲ ಎಂದು ಬೇಸಿಗೆಯುದ್ದಕ್ಕೂ ಶಪಿಸಿದೆವು. ಆ ಕಡಿತವೇ ನಮ್ಮ ಮಾನ ಕಾಯುತ್ತಿತ್ತೆಂದು, ಮೊನ್ನೆಯಿಂದ ಕರೆಂಟು ಬಿಡದೆ ನಿಂತಾಗಲೇ ತಿಳಿದದ್ದು.

ಮೊದಲು ಅಲ್ಲೊಬ್ಬ ಹಿರಿಯ ಗುಮಾಸ್ತರಿದ್ದರು. ತೂಕದ ಚೀಟಿ ಹಿಡಿದು ಬಾಗಿಲಲ್ಲಿ ನಿಂತು, "ಸಾವ್ಕಾರ್ರ, ಲಾರಿ ಬಂತ್ರಿ" ಎಂದು ಒಮ್ಮೆ ಕೂಗುತ್ತಿದ್ದರು. ಒಳಗಿನಿಂದ ಉತ್ತರ ಬಾರದಿದ್ದರೆ ಮಾತ್ರ ಇನ್ನೊಮ್ಮೆ. ನಮ್ಮ ತಂತ್ರಾಂಶ ಬಂದ ಮೇಲೆ ಅವರನ್ನು ಮನೆಗೆ ಕಳಿಸಲಾಯಿತು.

ಲಿಸನರನ್ನು ಫಂಕ್ಷನ್ನಿನಿಂದ ಹೊರಗೆ ತಂದು, ಮಿತಿಯನ್ನು ಮತ್ತೆ 10ಕ್ಕೆ ಇಟ್ಟಿದ್ದೇನೆ. ಆ ಖಾಲಿ ಕಾಲ್‌ಬ್ಯಾಕ್ ಇಷ್ಟು ದಿನ ಏನೇನು ನುಂಗಿದೆಯೆಂದು ಹುಡುಗನನ್ನೇ ಕೂರಿಸಿಕೊಂಡು ನೋಡೋಣವೆಂದರೆ, ಅವನು ಇನ್ನೂ ಆಫೀಸಿಗೆ ಬಂದಿಲ್ಲ. ದೇವದುರ್ಗದ ರಸ್ತೆಯಲ್ಲಿ ಪೆಟ್ರೋಲ್ ಮುಗಿದು ಬೈಕು ನಿಂತಿದೆಯಂತೆ.