ದೆವ್ವದ ತಲೆಗೆ ಕಟ್ಟುವ ಮುನ್ನ

ದೆವ್ವವಿದೆ ಎನ್ನುವ ಮನೆಗೆ ಜನ ಹೋಗುವುದು ರಾತ್ರಿ ಹನ್ನೆರಡಕ್ಕೆ. ಹೋಗಬೇಕಾದದ್ದು ಮಧ್ಯಾಹ್ನ ಮೂರಕ್ಕೆ. ಹಾಗೆಂದರೆ ಹೊರಟವರ ಉತ್ಸಾಹ ಅರ್ಧಕ್ಕರ್ಧ ಇಳಿಯುತ್ತದೆ. ಸುಡುಬಿಸಿಲಲ್ಲಿ ಅಳತೆ ಟೇಪು ಹಿಡಿದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂರುವುದರಲ್ಲಿ ಯಾರ ಮೈಯೂ ಜುಮ್ಮೆನ್ನುವುದಿಲ್ಲ. ಆದರೆ ಹಳೆಯ ಮನೆಯಲ್ಲಿ ರಾತ್ರಿ ನಡೆಯುವ ನೂರೆಂಟು ಸಂಗತಿಗಳಲ್ಲಿ ಗೋಡೆ ಬಾಗಿಲುಗಳ ಪಾಲೆಷ್ಟು, ಇಲಿ ಹೆಗ್ಗಣಗಳ ಪಾಲೆಷ್ಟು, ನಮ್ಮ ಕಣ್ಣಿನ ಪಾಲೆಷ್ಟು, ಜೊತೆಗೆ ಬಂದವನ ಪಾಲೆಷ್ಟು ಎಂದು ಲೆಕ್ಕ ಹಾಕದೆ ಎಲ್ಲವನ್ನೂ ದೆವ್ವದ ತಲೆಗೆ ಕಟ್ಟುವುದು ಅನ್ಯಾಯ. ದೆವ್ವ ಇದ್ದರೂ ಅನ್ಯಾಯ, ಇಲ್ಲದಿದ್ದರಂತೂ ಇನ್ನೂ ಅನ್ಯಾಯ.

ಮೊದಲು ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ. ಹಾಳುಬಿದ್ದ ಮನೆಗೂ ಒಡೆಯರಿರುತ್ತಾರೆ, ಕತ್ತಲಲ್ಲಿ ಎದುರಾಗುವ ಕಾವಲುಗಾರನಿಗೆ ದೆವ್ವಕ್ಕಿರುವಷ್ಟು ತಾಳ್ಮೆ ಇರುವುದಿಲ್ಲ. ಆಮೇಲೆ ಮೆಟ್ಟಿಲು, ಅಟ್ಟ, ಹಲಗೆ. ಮರದ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ತುದಿ ಮೆತ್ತಗೆ ಒಳಗಿಳಿದರೆ ಗೆದ್ದಲು ತನ್ನ ಕೆಲಸ ಮುಗಿಸಿದೆ ಎಂದರ್ಥ, ಆ ಕಡೆ ಕಾಲಿಡಬೇಡಿ. ಬಾವಿ, ಮುರಿದ ಕಿಟಕಿ, ಕೆಳಗೆ ಬಿದ್ದ ಗಾಜು, ಹೊರಹೋಗುವ ಎರಡನೇ ದಾರಿ ಇವೆಲ್ಲ ಒಂದು ನಕ್ಷೆಯಲ್ಲಿ ಬರಲಿ. ಈ ನಕ್ಷೆ ರಾತ್ರಿಗೂ ಬೇಕು.

ಬಾಗಿಲ ಬಳಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ತಾನಾಗಿ ತೆರೆದುಕೊಳ್ಳುವ ಬಾಗಿಲು ಎಲ್ಲ ದೆವ್ವದ ಕತೆಗಳಲ್ಲೂ ಇರುತ್ತದೆ, ಎಲ್ಲ ಹಳೆಯ ಮನೆಗಳಲ್ಲೂ ಇರುತ್ತದೆ. ಚೌಕಟ್ಟು ಒಂದು ಬದಿಗೆ ಕುಸಿದು ಮೇಲಿನ ಕೀಲು ಕೆಳಗಿನ ಕೀಲಿನ ನೇರಕ್ಕಿಲ್ಲದಿದ್ದರೆ ಬಾಗಿಲು ತನ್ನ ಭಾರಕ್ಕೆ ತಾನೇ ತಿರುಗಿ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಬಾಗಿಲನ್ನು ಕಾಲು ಭಾಗ ತೆರೆದು ಬಿಡಿ, ಅರ್ಧ ತೆರೆದು ಬಿಡಿ, ಮುಕ್ಕಾಲು ತೆರೆದು ಬಿಡಿ. ಎಲ್ಲಿಗೆ ಹೋಗಿ ನಿಂತಿತೆಂದು ಬರೆದುಕೊಳ್ಳಿ. ನೆಲದ ಮೇಲೆ ರಸಮಟ್ಟ ಇಟ್ಟರೆ ನೆಲ ಯಾವ ಕಡೆಗೆ ಇಳಿದಿದೆ ಎಂಬುದೂ ಗೊತ್ತಾಗುತ್ತದೆ. ಇನ್ನೊಂದು ಪರೀಕ್ಷೆ: ಕಿಟಕಿಗಳನ್ನೆಲ್ಲ ಮುಚ್ಚಿ ಮುಂಬಾಗಿಲನ್ನು ರಪ್ಪನೆ ಹಾಕಿ. ಒಳಗಿನ ಗಾಳಿಗೆ ಎಲ್ಲಾದರೂ ಹೋಗಲೇಬೇಕು, ಹಿಂದಿನ ಕೋಣೆಯ ಸಡಿಲ ಚಿಲಕದ ಬಾಗಿಲು ‘ಟಕ್’ ಎನ್ನುತ್ತದೆ. ರಾತ್ರಿ ಇದೇ ನಡೆದಾಗ ಮುಂಬಾಗಿಲು ಹಾಕಿದವನಿಗೆ ಹಿಂದಿನ ಸದ್ದು ಕೇಳಿಸದು, ಹಿಂದೆ ಕೂತವನಿಗೆ ಮುಂದಿನದು ಗೊತ್ತಾಗದು.

ಗಾಳಿ ಎಲ್ಲಿಂದ ನುಸುಳುತ್ತದೆ ಎಂದು ನೋಡಲು ತೆಳು ಕಾಗದದ ಪಟ್ಟಿಯನ್ನು ಕಿಟಕಿ ಸಂದಿಗಳ ಮುಂದೆ ಹಿಡಿದರೆ ಸಾಕು. ಊದುಬತ್ತಿಯ ಹೊಗೆ ಇದಕ್ಕೆ ಇನ್ನೂ ಚೆನ್ನ, ಆದರೆ ಹಚ್ಚಬೇಡಿ. ರಾತ್ರಿ ಒಬ್ಬರಾದರೂ ‘ಮಲ್ಲಿಗೆ ವಾಸನೆ ಬಂತು’ ಎಂದೇ ಅನ್ನುತ್ತಾರೆ.

ಸೂರ್ಯ ಮುಳುಗಿದ ಮೇಲೆ ಮನೆಯೇ ಮಾತಾಡಲು ಶುರುಮಾಡುತ್ತದೆ. ಹಗಲೆಲ್ಲ ಕಾದು ಹಿಗ್ಗಿದ ತೊಲೆ, ಹಲಗೆ, ತಗಡು ತಣಿಯುತ್ತ ಕುಗ್ಗುತ್ತವೆ. ಒಂದೇ ಸಮನೆ ಕುಗ್ಗುವುದಿಲ್ಲ. ಮೊಳೆ ಹೊಡೆದ ಜಾಗದಲ್ಲಿ, ಜೋಡಣೆಯಲ್ಲಿ ಹಿಡಿದುಕೊಂಡು ನಿಲ್ಲುತ್ತವೆ, ಬಿಗಿತ ಮೀರಿದಾಗ ತಟ್ಟನೆ ಜಾರುತ್ತವೆ. ಆ ಜಾರುವಿಕೆಯೇ ಸದ್ದು. ತೊಲೆಯುದ್ದಕ್ಕೂ ಒಂದೊಂದೇ ಜೋಡಣೆ ಬಿಡುತ್ತ ಹೋದರೆ ಕೆಳಗಿದ್ದವರಿಗೆ ಮಹಡಿಯ ಮೇಲೆ ಯಾರೋ ನಿಧಾನಕ್ಕೆ ನಡೆದಂತಿರುತ್ತದೆ. ಇದನ್ನು ಗುರುತಿಸಲು ಗಡಿಯಾರ ಸಾಕು. ಪ್ರತಿ ಸದ್ದಿನ ಎದುರು ಸಮಯ ಬರೆಯುತ್ತ ಹೋಗಿ. ಸಂಜೆ ಒತ್ತೊತ್ತಾಗಿದ್ದ ಸದ್ದು ರಾತ್ರಿ ಏರಿದಂತೆ ವಿರಳವಾದರೆ ಅದು ತಣಿಯುವ ಮನೆ. ಇನ್ನು ಅಟ್ಟದ ಮೇಲಿನ ಬಿಳಿ ಮುಖ ಮತ್ತು ಚೀರಾಟಕ್ಕೆ ಕಣಜ ಗೂಬೆಯನ್ನು ಮೊದಲು ವಿಚಾರಿಸಬೇಕು. ಹಾರುವಾಗ ಅದು ರೆಕ್ಕೆಯ ಸದ್ದು ಮಾಡುವುದಿಲ್ಲ, ಪಾಳುಕಟ್ಟಡ ಅದಕ್ಕೆ ಇಷ್ಟ, ಕೂಗು ಕೇಳಿದವರು ಮತ್ತೆ ಮರೆಯುವುದಿಲ್ಲ. ಹಗಲಲ್ಲೇ ನೆಲದ ಮೇಲೆ ಅದು ಕಕ್ಕಿದ ಕೂದಲು-ಮೂಳೆಯ ಉಂಡೆಗಳನ್ನು ಹುಡುಕಿದ್ದರೆ ರಾತ್ರಿ ಎದೆ ಝಲ್ಲೆನ್ನುವುದು ತಪ್ಪುತ್ತದೆ.

ಕಣ್ಣಿನ ವಿಷಯ ಬೇರೆ. ಕತ್ತಲಿಗೆ ಅದು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಬ್ಬ ಮೊಬೈಲ್ ತೆಗೆದು ಗಂಟೆ ಎಷ್ಟೆಂದು ನೋಡಿದರೆ ಎಲ್ಲರ ಅರ್ಧ ಗಂಟೆ ನೀರಿನಲ್ಲಿ ಹೋಮ. ಅದಕ್ಕೇ ಮಂದ ಕೆಂಪು ಬೆಳಕಿನ ಟಾರ್ಚ್ ಬಳಸುವುದು. ಮಸುಕು ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಹಾಗಾಗಿ ಬಾಗಿಲ ಮೇಲೆ ನೇತುಹಾಕಿದ ಅಂಗಿ ಕಡೆಗಣ್ಣಿಗೆ ಆಳಾಗಿ ಕಂಡು, ತಿರುಗಿ ನೇರ ನೋಡಿದ ಕೂಡಲೇ ಮಾಯವಾಗುತ್ತದೆ. ‘ನೋಡಿದೆ, ತಿರುಗಿದೆ, ಇರಲಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಕಗ್ಗತ್ತಲಲ್ಲಿ ಒಂದೇ ಒಂದು ಬೆಳಕಿನ ಚುಕ್ಕೆಯನ್ನು ದಿಟ್ಟಿಸಿದರೆ ಅದು ಅಲ್ಲಾಡದಿದ್ದರೂ ತೇಲಾಡತೊಡಗುತ್ತದೆ. ಕನ್ನಡಿಯ ತಮಾಷೆ ಇನ್ನೂ ದೊಡ್ಡದು. ಇಟಲಿಯ ಮನೋವಿಜ್ಞಾನಿ ಜೊವಾನಿ ಕಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 50 ಜನ ಮಂದ ಬೆಳಕಿನಲ್ಲಿ 10 ನಿಮಿಷ ತಮ್ಮದೇ ಮುಖ ನೋಡುತ್ತ ಕೂತರು. ಮೂರರಲ್ಲಿ ಎರಡು ಪಾಲು ಜನರಿಗೆ ತಮ್ಮ ಮುಖ ವಿಕಾರವಾಗಿ ಕಂಡಿತು. ನಿಲುವುಗನ್ನಡಿ ಇರುವ ಕೋಣೆಯಲ್ಲಿ ಅದನ್ನು ಗೋಡೆಗೆ ಮುಖಮಾಡಿ ನಿಲ್ಲಿಸುವುದು ವಾಸಿ.

ಇಷ್ಟೆಲ್ಲ ಬಿಟ್ಟು ಜನ ಉಪಕರಣಕ್ಕೆ ದುಡ್ಡು ಸುರಿಯುತ್ತಾರೆ. ಅದರಲ್ಲೂ ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಕೋಣೆಯ ನಡುವಿನ ಗಾಳಿಗೆ ಗುರಿಯಿಟ್ಟು ‘ಇಲ್ಲಿ ಏಕಾಏಕಿ ನಾಲ್ಕು ಡಿಗ್ರಿ ಇಳಿಯಿತು’ ಎನ್ನುವವರನ್ನು ಕಂಡರೆ ಕನಿಕರ ಬರುತ್ತದೆ. ಆ ಸಾಧನ ಅಳೆಯುವುದು ಮೇಲ್ಮೈಯನ್ನು, ಎಂದರೆ ಗಾಳಿಯ ಆಚೆಗಿರುವ ಗೋಡೆಯನ್ನು. ಮೈಮೇಲೆ 12:1 ಎಂದು ಬರೆದಿದ್ದರೆ 12 ಅಡಿ ದೂರದಲ್ಲಿ ಅದು 1 ಅಡಿ ಅಗಲದ ವೃತ್ತದ ಸರಾಸರಿ ಕೊಡುತ್ತದೆ. ಕೆಂಪು ಚುಕ್ಕೆ ಆ ವೃತ್ತ ಎಲ್ಲಿದೆ ಎಂದು ತೋರಿಸಲು ಮಾತ್ರ. ಕೈ ಸ್ವಲ್ಪ ಸರಿದು ಗೋಡೆಯಿಂದ ಕಿಟಕಿಯ ಗಾಜಿಗೆ ಹೋದರೆ ರಾತ್ರಿ ಹೊತ್ತು ಅಂಕಿ ಇಳಿಯುವುದು ಸಹಜ. ಹಿತ್ತಾಳೆಯಂಥ ಹೊಳೆಯುವ ವಸ್ತುವಿಗೆ ಹಿಡಿದರೆ ಅದರಲ್ಲಿ ಪ್ರತಿಫಲಿಸುವ ಇನ್ನೊಂದರ ಶಾಖ ಸೇರಿಕೊಳ್ಳುತ್ತದೆ, ಕೆಲವೊಮ್ಮೆ ಅದು ಹಿಡಿದವನದೇ ಮೈಶಾಖ. ಗಾಳಿಯ ಉಷ್ಣಾಂಶ ಬೇಕಿದ್ದರೆ ಸಾಧಾರಣ ಥರ್ಮಾಮೀಟರನ್ನು ಗೋಡೆಯಿಂದ ದೂರ, ಎದೆಮಟ್ಟಕ್ಕೆ ನೇತುಹಾಕಿ ಹತ್ತು ನಿಮಿಷಕ್ಕೊಮ್ಮೆ ಓದಬೇಕು. ಬೇಸರದ ಕೆಲಸ, ಆದರೆ ಅಂಕಿ ನಿಜ.

ವಿದ್ಯುತ್ಕಾಂತೀಯ ಕ್ಷೇತ್ರ ತೋರಿಸುವ ಮೀಟರಿನ ಕತೆಯೂ ಹೆಚ್ಚು ಕಡಿಮೆ ಇದೇ. ಗೋಡೆಯೊಳಗಿನ ತಂತಿ, ಪಂಪಿನ ಮೋಟಾರು, ಜೇಬಿನಲ್ಲಿ ಸಿಗ್ನಲ್ ಹುಡುಕುತ್ತಿರುವ ಮೊಬೈಲ್ ಎಲ್ಲಕ್ಕೂ ಅದರ ದೀಪ ಮಿನುಗುತ್ತದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಮೊಬೈಲುಗಳನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ಮೀಟರ್ ಹೊರತೆಗೆಯಿರಿ. ಫೋಟೋದಲ್ಲಿ ತೇಲುವ ಬೆಳಕಿನ ಗುಂಡುಗಳು ಲೆನ್ಸಿಗೆ ತೀರ ಹತ್ತಿರವಿದ್ದ ಧೂಳಿನ ಕಣಗಳು. ಪಕ್ಕದಲ್ಲೇ ಇರುವ ಫ್ಲ್ಯಾಶ್ ಅವನ್ನು ಬೆಳಗಿಸುತ್ತದೆ, ಫೋಕಸ್ ತಪ್ಪಿದ್ದರಿಂದ ಅವು ದುಂಡಗೆ ಹಿಗ್ಗುತ್ತವೆ. ಒಂದು ಹಳೆ ಚಾದರ ಕೊಡವಿ ಫ್ಲ್ಯಾಶ್ ಹಾಕಿ ತೆಗೆದರೆ ಬೇಕಾದಷ್ಟು ಆತ್ಮಗಳು ಸಿಗುತ್ತವೆ.

ನಿಜವಾಗಿ ಕೊಂಡೊಯ್ಯಬೇಕಾದದ್ದು ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣ, ವಾಸನೆ ಇಲ್ಲದ ವಿಷಾನಿಲವನ್ನು ಪತ್ತೆಮಾಡುವ ಅಲಾರಂ. ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ಕತೆ ಬರೆದ. ಹೊಸದಾಗಿ ಸೇರಿದ ಹಳೆ ಮನೆಯಲ್ಲಿ ಅವರಿಗೆ ಹೆಜ್ಜೆ ಸಪ್ಪಳ ಕೇಳಿಸುತ್ತಿತ್ತು, ಅಪರಿಚಿತರು ಕಾಣುತ್ತಿದ್ದರು, ಎಲ್ಲರಿಗೂ ತಲೆನೋವು, ಕುಂಡದ ಗಿಡಗಳೂ ಸಾಯುತ್ತಿದ್ದವು. ಕಾರಣ ಮನೆ ಬಿಸಿ ಮಾಡುವ ಒಲೆ. ಅದರ ಹೊಗೆ ಹೊರಗೆ ಹೋಗದೆ ಮನೆಯೊಳಗೇ ಸೇರುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಜನರೇಟರ್ ಓಡಿಸುವ, ಕೆಂಡ ಇಟ್ಟುಕೊಳ್ಳುವ ಹುಂಬತನ ಬೇಡ. ಇಬ್ಬರಿಗೆ ಒಟ್ಟಿಗೆ ತಲೆ ನೋಯತೊಡಗಿದರೆ ಟಿಪ್ಪಣಿ, ಕ್ಯಾಮೆರಾ ಎಲ್ಲ ಬಿಟ್ಟು ಹೊರಗೆ ಬನ್ನಿ.

ಇಂಥ ವಿವರಣೆಗಳಿಗೂ ಮೈಮೇಲೆ ಬರುವ ಚಟವಿದೆ. ಇಂಗ್ಲೆಂಡಿನ ಕವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿಗೆ ಪ್ರಯೋಗಾಲಯದಲ್ಲಿ ಕಡೆಗಣ್ಣಿಗೆ ಬೂದು ಆಕೃತಿ ಕಂಡಿತು. ಮರುದಿನ ಬಿಗಿದಿಟ್ಟ ಕತ್ತಿವರಸೆಯ ಕತ್ತಿ ತಾನಾಗಿ ಕಂಪಿಸುವುದನ್ನು ನೋಡಿ ಅವನು ಹೊಸದಾಗಿ ಹಾಕಿದ್ದ ಫ್ಯಾನಿನ ಸುಮಾರು 19 ಹರ್ಟ್ಜ್ (ಸೆಕೆಂಡಿಗೆ 19 ಸಲ), ಕಿವಿಗೆ ಕೇಳಿಸದ ಕಂಪನವನ್ನು ಪತ್ತೆಮಾಡಿ, ಆಕೃತಿಗೂ ಅದೇ ಕಾರಣ ಎಂದ. 1998ರಲ್ಲಿ ಆ ಲೇಖನ ಬಂದಿದ್ದೇ ತಡ, ಎಲ್ಲ ದೆವ್ವಗಳೂ 19 ಹರ್ಟ್ಜ್ ಆಗಿಬಿಟ್ಟವು. ಫ್ಯಾನೇ ಇಲ್ಲದ ಪಾಳುಮನೆಯಲ್ಲೂ ಅದನ್ನೇ ಹೇಳುವವರು ದೆವ್ವದ ತಲೆಯಿಂದ ಬಿಚ್ಚಿ ಫ್ಯಾನಿನ ತಲೆಗೆ ಕಟ್ಟಿದರು, ಅಷ್ಟೇ.

ಕೊನೆಗೆ ಉಳಿಯುವುದು ಜೊತೆಗಾರರು. 1937ರಲ್ಲಿ ದೆವ್ವದ ಮನೆಯೆಂದು ಹೆಸರಾಗಿದ್ದ ಇಂಗ್ಲೆಂಡಿನ ಪಾದ್ರಿ ಮನೆ ಬೋರ್ಲಿ ರೆಕ್ಟರಿಯನ್ನು ಬಾಡಿಗೆಗೆ ಹಿಡಿದ ದೆವ್ವ ಸಂಶೋಧಕ ಹ್ಯಾರಿ ಪ್ರೈಸ್ ಜಾಹೀರಾತು ಕೊಟ್ಟು 48 ವೀಕ್ಷಕರನ್ನು ಕೂಡಿಸಿದ. ವಸ್ತುಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆಯುವುದು ಅವನ ಕ್ರಮ. ಅಗ್ಗದ, ಇಂದಿಗೂ ಸಲ್ಲುವ ಉಪಾಯ. ಆದರೆ ಹೆಜ್ಜೆ ಸಪ್ಪಳ ಕೇಳಿದರೆ ಹೀಗೆ ಮಾಡಿ, ಆಕೃತಿ ಕಂಡರೆ ಹೀಗೆ ಮಾಡಿ ಎಂಬ ಪುಸ್ತಿಕೆಯನ್ನೂ ಕೈಗಿತ್ತ. ಓದಿದವನ ಕಿವಿ ಹೆಜ್ಜೆ ಸಪ್ಪಳಕ್ಕೇ ಕಾಯುತ್ತದೆ. ಮನೆಯ ಕತೆಯನ್ನು ಯಾರಿಗೂ ಮೊದಲೇ ಹೇಳಬಾರದು. ಹಗಲಲ್ಲಿ ಬರೆದ ನಕ್ಷೆಯ ಖಾಲಿ ಪ್ರತಿ ಕೊಟ್ಟು, ಏನಾದರೂ ಅನಿಸಿದ ಜಾಗದಲ್ಲಿ ಗುರುತು ಹಾಕಲು ಹೇಳಿದರೆ ಸಾಕು. ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ತಂಡ ಹೀಗೇ ಮಾಡಿತು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಸ್ವಾರಸ್ಯವೆಂದರೆ ಗುರುತುಗಳು ಎಲ್ಲೆಂದರಲ್ಲಿ ಬೀಳದೆ ಕೆಲವೇ ಜಾಗಗಳಲ್ಲಿ ಗುಂಪುಗೂಡಿದ್ದವು. ಜಾಗಕ್ಕೆ ತನ್ನದೇ ಆದದ್ದೇನೋ ಇರುತ್ತದೆ. ಬೆಳಕು, ಕೋಣೆಯ ಗಾತ್ರ ಅದರಲ್ಲಿ ಸೇರಿವೆ. ಎಲ್ಲ ಭ್ರಮೆ ಎಂದು ಕೈಕೊಡವುವವರಿಗೆ ಇದು ಕೊಂಚ ಇರುಸುಮುರುಸಿನ ಸಂಗತಿ.

ರಾತ್ರಿ ಕಾಯುವ ಸರದಿ ಒಬ್ಬರಿಗೆ ಒಂದು ಗಂಟೆಗಿಂತ ಹೆಚ್ಚು ಬೇಡ, ಮಧ್ಯಾಹ್ನ ಒಂದು ನಿದ್ದೆ ಆಗಿರಲಿ. ನಿದ್ದೆಗೆಟ್ಟವನಿಗೆ ಬೆಳಗಿನ ಜಾವ ಕನಸು ಎಚ್ಚರದೊಳಕ್ಕೇ ನುಗ್ಗುತ್ತದೆ. ಅಂಗಾತ ಮಲಗಿದ್ದರೆ ಕೈಕಾಲು ಅಲುಗದೆ ಎದೆಯ ಮೇಲೆ ಯಾರೋ ಕೂತಂತಾಗುವುದೂ ಉಂಟು. ಪಾಳಿ ಮುಗಿಸಿ ಬಂದವರು ಒಬ್ಬರಿಗೊಬ್ಬರು ಮಾತಾಡುವ ಮೊದಲು ಬರೆಯಲಿ.

ಧ್ವನಿಮುದ್ರಣಕ್ಕೆ ಇಟ್ಟ ರೆಕಾರ್ಡರು ಮೌನದಲ್ಲಿ ತಾನಾಗಿ ಕಿವಿ ಚುರುಕು ಮಾಡಿಕೊಳ್ಳುತ್ತದೆ, ಪಿಸುಮಾತಿನಂಥ ಗೊಜಗೊಜ ಹುಟ್ಟುವುದು ಅಲ್ಲಿಂದಲೇ. ಅದಕ್ಕೆ ಯಾರೇ ಸದ್ದು ಮಾಡಿದರೂ ಆಗಲೇ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು: ‘ಕುರ್ಚಿ ಎಳೆದದ್ದು ನಾನು’, ‘ಗುಡುಗಿದ್ದು ನನ್ನ ಹೊಟ್ಟೆ’. ಎಂಟು ಗಂಟೆಯ ಮುದ್ರಣ ಕೇಳಲು ಎಂಟು ಗಂಟೆಯೇ ಬೇಕು, ಮೂರು ರೆಕಾರ್ಡರಾದರೆ ಇಪ್ಪತ್ತನಾಲ್ಕು. ಅಲ್ಲಿ ಇರದಿದ್ದ ಇಬ್ಬರು, ಏನು ಹುಡುಕಬೇಕೆಂದು ಹೇಳಿಸಿಕೊಳ್ಳದೆ, ಬೇರೆ ಬೇರೆ ಕೂತು ಕೇಳಿದರೆ ಉತ್ತಮ. ಹೆಚ್ಚಿನ ಪಾಲು ಅವರಿಗೆ ಸಿಗುವುದು ಮೂರೂವರೆ ಗಂಟೆಯ ಹೊತ್ತಿನ ಗೊರಕೆ. ಹೊಟ್ಟೆ ಗುಡುಗಿದ್ದನ್ನೂ ಒಪ್ಪಿಕೊಂಡವರು ಅದು ತಮ್ಮದೆಂದು ಮಾತ್ರ ಒಪ್ಪುವುದಿಲ್ಲ.