ಅಮ್ಮನನ್ನು ತೋಟ ನೋಡಲು ಕರೆದುಕೊಂಡು ಹೋಗಿದ್ದು

ನಮ್ಮ ಸಾಗರದ ಕಡೆ ‘ತೋಟಕ್ಕೆ ಹೋಗಿ ಬರ್ತೀನಿ’ ಅಂದರೆ ಅಡಿಕೆ ತೋಟಕ್ಕೆ ಅಂತಲೇ ಅರ್ಥ. ಬೇರೆ ತೋಟ ಇರುತ್ತೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಹಾಗಾಗಿ ನಾನಿರುವ ಸ್ಟಾಕ್‌ಹೋಮಿಗೆ ಬಂದ ಎರಡನೇ ದಿನ ನಾನು ‘ನಾಳೆ ತೋಟ ನೋಡೋಕೆ ಹೋಗೋಣ’ ಅಂದಾಗ ಅಮ್ಮ ಮೊದಲು ಕೇಳಿದ್ದು, ‘ಇಂಬಳ ಇದಾವೇನೋ?’ ಇಂಬಳ ಅಂದರೆ ನಮ್ಮ ಕಡೆಯ ಜಿಗಣೆ.

‘ಇಂಬಳ ಇಲ್ಲಮ್ಮ. ಉಣುಗು ಇದಾವೆ. ಈ ಚಳಿಗೆ ಅವೂ ಎದ್ದಿರಲ್ಲ ಬಿಡು.’

ಉಣುಗು, ಅಂದರೆ ಉಣ್ಣೆ, ಅನ್ನಬಾರದಿತ್ತು. ಅದು ಹರಡುವ ಮಂಗನ ಕಾಯಿಲೆ ಕಂಡ ಊರಿನವಳು ಅಮ್ಮ. ಇಲ್ಲಿಯ ಉಣುಗಿನಿಂದಲೂ ಅದಕ್ಕೆ ದಾಯಾದಿಯಂಥ ಒಂದು ಜ್ವರ ಬರುತ್ತೆ, ಜನ ಲಸಿಕೆ ಹಾಕಿಸಿಕೊಳ್ಳುತ್ತಾರೆ ಅಂತ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಹೇಳಿದ್ದರೆ ಅವಳು ಮನೆ ಹೊಸ್ತಿಲು ದಾಟುತ್ತಿರಲಿಲ್ಲ.

ಮೊದಲು ಹೋಗಿದ್ದು ಊರಿನ ನಡುಮಧ್ಯ ಇರುವ ಕುಂಗ್ಸ್‌ಟ್ರೆಡ್‌ಗೋರ್ಡೆನ್‌ಗೆ. ರಾಜನ ತೋಟ ಅಂತ ಅರ್ಥ. ಒಂದು ಕಾಲದಲ್ಲಿ ಅರಮನೆಗೆ ಕೋಸು, ತರಕಾರಿ ಬೆಳೆಯುತ್ತಿದ್ದ ಹಿತ್ತಿಲು ಅದು. ಈಗ ಅಲ್ಲಿ 63 ಚೆರ್ರಿ ಮರಗಳಿವೆ, 1998ರಲ್ಲಿ ನೆಟ್ಟಿದ್ದು. ಏಪ್ರಿಲ್ ಕೊನೆಯ ಹೊತ್ತಿಗೆ ಗುಲಾಬಿ ಬಣ್ಣದ ಚಪ್ಪರ ಹಾಕಿದ ಹಾಗಿರುತ್ತೆ. ಅಮ್ಮನ ಟಿಕೆಟ್ಟನ್ನು ನಾನು ಮಾಡಿಸಿದ್ದೇ ಆ ಹೂವಿನ ಲೆಕ್ಕ ಹಾಕಿ. ನನ್ನ ಲೆಕ್ಕ ಮರಗಳಿಗೆ ಗೊತ್ತಿರಲಿಲ್ಲ. ಹೋದಾಗ ಬರೀ ಕಡ್ಡಿ, ಕಡ್ಡಿಯ ಮೇಲೆ ಅವರೆಕಾಳಿನಷ್ಟು ಮೊಗ್ಗು.

ಅಷ್ಟರಲ್ಲಿ ಆಕಾಶದಿಂದ ಬಿಳಿ ಬಿಳಿ ಬೀಳತೊಡಗಿತು. ಅಮ್ಮ ಖುಷಿಯಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ, ‘ನೋಡ್ರೀ, ಹೂವು ಹೇಗೆ ಉದುರ್ತಾ ಇದೆ!’ ಅಂದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು ಒಂದು ನಿಮಿಷ ನೋಡಿದರು. ‘ಮರದಲ್ಲಿ ಒಂದೂ ಹೂವಿಲ್ಲ, ಉದುರೋದು ಎಲ್ಲಿಂದ?’ ಅಂದರು. ನಲವತ್ತು ವರ್ಷ ತೋಟ ಮಾಡಿದವರು, ಅಲ್ವಾ? ಅಮ್ಮ ಫೋನ್ ಇಟ್ಟಳು.

ಮರ್ಯಾದೆ ಉಳಿಸಿಕೊಳ್ಳಲು ನಾನು ಪಕ್ಕದ ಎಲ್ಮ್ ಮರಗಳನ್ನು ತೋರಿಸಿದೆ. 1971ರ ಮೇ ತಿಂಗಳಲ್ಲಿ ಮೆಟ್ರೋ ನಿಲ್ದಾಣದ ಬಾಗಿಲಿಗೆ ಜಾಗ ಬೇಕು ಅಂತ ಇಲ್ಲಿಯ 13 ಎಲ್ಮ್ ಮರ ಕಡಿಯಲು ಹೊರಟಿದ್ದರು. ರಾತ್ರೋರಾತ್ರಿ ಗರಗಸ ಬಂತು, ಪೊಲೀಸರೂ ಬಂದರು. ಜನ ಮರ ಹತ್ತಿ ಕೂತುಬಿಟ್ಟರು. ಕೊನೆಗೆ ಮರ ಗೆದ್ದವು, ಮೆಟ್ರೋ ಬಾಗಿಲು ಬೇರೆ ಕಡೆ ಹೋಯಿತು. ನಾನು ರೋಮಾಂಚನದಿಂದ ಹೇಳಿ ಮುಗಿಸಿದೆ. ಅಮ್ಮ ಮರದ ತುದಿಯವರೆಗೂ ಕಣ್ಣು ಹಾಯಿಸಿ, ‘ನಮ್ಮಲ್ಲಿ ದುಡ್ಡು ಕೊಡ್ತೀನಿ ಅಂದ್ರೂ ಅಡಿಕೆ ಕೊನೆ ತೆಗೆಯೋಕೆ ಮರ ಹತ್ತೋರು ಸಿಗ್ತಿಲ್ಲ. ಇವರು ಬಿಟ್ಟಿ ಹತ್ತಿದಾರೆ’ ಅಂದಳು.

ಸೀರೆಯ ಒಳಗೆ ಎರಡು ಥರ್ಮಲ್, ಮೇಲೆ ನನ್ನ ಹಳೇ ಸ್ವೆಟರ್, ತಲೆಗೆ ಮಂಕಿ ಕ್ಯಾಪ್. ಆದರೂ ಅಮ್ಮ ನಡುಗುತ್ತಿದ್ದಳು. ಇಲ್ಲಿ ಒಂದು ಗಾದೆ ಇದೆ, ಕೆಟ್ಟ ಹವಾಮಾನ ಅಂತ ಇಲ್ಲ, ಕೆಟ್ಟ ಬಟ್ಟೆ ಅಷ್ಟೇ ಇರೋದು ಅಂತ. ಅವರ ಭಾಷೆಯಲ್ಲಿ ಅದು ಪ್ರಾಸವಾಗಿ ಬರುತ್ತೆ, ವೇಡರ್, ಕ್ಲೇಡರ್. ಪ್ರಾಸ ಕೂಡಿಬಂದರೆ ಜನ ಏನನ್ನಾದರೂ ನಂಬುತ್ತಾರೆ. ಮಾತು ಬೇಡ ಅಂತ ಅವತ್ತೇ ಅಂಗಡಿಗೆ ಹೋಗಿ ಅಮ್ಮನಿಗೆ ಎಲ್ ಸೈಜಿನ ಕಪ್ಪು ಜಾಕೆಟ್ ಕೊಡಿಸಿದೆ. ನನ್ನದೂ ಕಪ್ಪು. ಚಳಿಗಾಲದಲ್ಲಿ ಈ ಊರಿನಲ್ಲಿ ಎಲ್ಲರದೂ ಹೆಚ್ಚುಕಡಿಮೆ ಕಪ್ಪೇ. ಈ ವಿಷಯ ನೆನಪಿಡಿ.

ಮರುದಿನ ಹೊರಟಿದ್ದು ಬರ್ಗಿಯಾನ್ಸ್ಕಾ ಸಸ್ಯೋದ್ಯಾನಕ್ಕೆ. ಬಿಸಿಲು ಬಂದಿತ್ತು. ಎರಡು ಡಿಗ್ರಿ ಬಿಸಿಲು. ದಾರಿಯಲ್ಲಿ ಗೋಡೆಗೆ ಒರಗಿ, ಬೆಂಚಿನ ಮೇಲೆ ಕೂತು ಜನ ಕಣ್ಣು ಮುಚ್ಚಿ ಮುಖವನ್ನು ಸೂರ್ಯನ ಕಡೆ ಎತ್ತಿಕೊಂಡಿದ್ದರು. ಒಬ್ಬರೂ ಅಲ್ಲಾಡುತ್ತಿಲ್ಲ. ಅಮ್ಮ ದನಿ ತಗ್ಗಿಸಿ, ‘ಅರ್ಘ್ಯ ಬಿಡೋದೊಂದು ಬಾಕಿ’ ಅಂದಳು.

ಇಲ್ಲಿಯ ಗಾಜಿನ ಮನೆಯ ಹಿಂದೆ ಒಂದು ಕತೆ ಇದೆ. ಎಡ್ವರ್ಡ್ ಆಂಡರ್ಸನ್ ಅನ್ನುವ ವ್ಯಾಪಾರಿಯೊಬ್ಬರು 1936ರಲ್ಲಿ ದುಡ್ಡು ಬರೆದಿಟ್ಟರು. ಬಿಸಿಲಿನ ದೇಶದ ಗಿಡಗಳಿಗೆ ಒಂದು ಗಾಜಿನ ಮನೆ ಕಟ್ಟಬೇಕು, ಜೊತೆಗೆ ಬಂದವರಿಗೆ ಕಾಫಿ, ತಿಂಡಿ ಸಿಗಬೇಕು ಅಂತ. ಕಟ್ಟಡ ಬಾಗಿಲು ತೆರೆದಿದ್ದು 1995ರಲ್ಲಿ. ಕಾಫಿಯನ್ನು ಉಯಿಲಿನಲ್ಲೇ ಸೇರಿಸಿದ ಆ ಪುಣ್ಯಾತ್ಮನ ಮೇಲೆ ನನಗೆ ಬಹಳ ಗೌರವ.

ಒಳಗೆ ಕಾಲಿಟ್ಟ ಕ್ಷಣ ನನ್ನ ಕನ್ನಡಕ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತಾಯಿತು. ಏನೂ ಕಾಣುತ್ತಿಲ್ಲ. ಪಕ್ಕದಲ್ಲಿದ್ದ ಕೈ ಹಿಡಿದು, ‘ನಿಧಾನ ಅಮ್ಮ, ಮೆಟ್ಟಿಲಿದೆ’ ಅಂತ ಹತ್ತು ಹೆಜ್ಜೆ ನಡೆಸಿಕೊಂಡು ಹೋದೆ. ಮಂಜು ಕರಗಿದಾಗ ನೋಡಿದರೆ ಬೆಳ್ಳಿಕೂದಲಿನ ಸ್ವೀಡಿಷ್ ಅಜ್ಜಿ. ಇಲ್ಲಿಯವರು ಯಾರಿಗೂ ಮುಜುಗರ ಮಾಡುವುದಿಲ್ಲ. ಅಷ್ಟು ದೂರ ಸುಮ್ನೆ ಬಂದಿದ್ದಾರೆ. ಕೊನೆಗೆ ‘ತಾಕ್’ ಅಂದರು. ಧನ್ಯವಾದ ಅಂತ. ಅಮ್ಮ ಬಾಗಿಲಲ್ಲೇ ನಿಂತು ಮಂಕಿ ಕ್ಯಾಪ್ ಬಿಚ್ಚುತ್ತಿದ್ದಳು.

ಆಮೇಲೆ ಉಷ್ಣವಲಯದ ಗಿಡಗಳ ಕೋಣೆ. ಬಾಳೆ, ಕಾಫಿ, ಅರಿಶಿನ, ಕಾಳುಮೆಣಸಿನ ಬಳ್ಳಿ. ‘ಟಿಕೆಟ್ ಕೊಟ್ಟು ನಮ್ಮನೆ ಹಿತ್ತಿಲಿಗೆ ಕರ್ಕೊಂಡು ಬಂದ್ಯಲ್ಲೋ!’ ಅಂದಳು ಅಮ್ಮ. ಆದರೂ ಪ್ರತಿ ಗಿಡದ ಎದುರೂ ನಿಂತು ಕ್ಷೇಮ ವಿಚಾರಿಸಿದಳು. ಮೆಣಸಿನ ಬಳ್ಳಿಯ ಎಲೆ ಮಗುಚಿ ಹುಳು ಹುಡುಕಿದಳು. ಬಾಳೆಯ ಒಣ ಎಲೆ ಕಂಡು ಕೈ ತುರಿಸುತ್ತಿತ್ತು ಅವಳಿಗೆ. ನಾನು ಕೈ ಹಿಡಿದುಕೊಂಡೆ. ಈ ಸಲ ಸರಿಯಾದ ಕೈ.

‘ಬೋರ್ಡಲ್ಲಿ ಎಲ್ಲಾ ಗಿಡದ ಹೆಸರಿನ ಕೊನೆಗೂ ಎಲ್ ಅಂತ ಬರೆದಿದಾರಲ್ಲ, ಇದೂ ಎಲ್ ಸೈಜಾ?’

ಅದು ಲಿನ್ನೇಯಸ್ ಎಂಬುವರ ಎಲ್. ಈ ದೇಶದವರೇ. ಪಕ್ಕದ ಉಪ್ಸಲಾದಲ್ಲಿ ಮೇಷ್ಟರಾಗಿದ್ದರು. 1753ರ ಪುಸ್ತಕದಲ್ಲಿ ಸಾವಿರಾರು ಗಿಡಗಳಿಗೆ ವೈಜ್ಞಾನಿಕ ಹೆಸರಿಟ್ಟರು, ಕಾಳುಮೆಣಸಿಗೂ, ಅರಿಶಿನಕ್ಕೂ. ಭಾರತಕ್ಕೆ ಮಾತ್ರ ಬಂದವರಲ್ಲ. ‘ಬಾಣಂತಿಯನ್ನೂ ನೋಡದೆ ನಾಮಕರಣ ಮಾಡಿದಾರೆ’ ಅಂದಳು ಅಮ್ಮ. ‘ನಮ್ಮ ಅಡಿಕೆಗೂ ಇವರೇನಾ?’ ಹೌದು, ಅಡಿಕೆಗೂ ಅವರೇ. ಅಮ್ಮನಿಗೆ ಅವರ ಮೇಲೆ ಸ್ವಲ್ಪ ಗೌರವ ಬಂತು.

ಕೆಫೆಯಲ್ಲಿ ಜಾಕೆಟ್‌ಗಳನ್ನು ಕುರ್ಚಿಗೆ ಹಾಕಿ ಕಾಫಿ ಕುಡಿದೆವು. ಹೊರಟಾಗ ಅಮ್ಮ ನನ್ನನ್ನು ನೋಡಿ, ‘ಇದೇನೋ ಅಪ್ಪನ ಅಂಗಿ ಹಾಕ್ಕೊಂಡ ಹಾಗಿದೆ’ ಅಂದಳು. ನನಗೂ ಉದ್ದ ಅನ್ನಿಸಿತು. ಬೆಚ್ಚಗಿದೆಯಲ್ಲ ಅಂತ ಸುಮ್ಮನಾದೆ. ಮೆಟ್ರೋ ಗೇಟಿನ ಹತ್ತಿರ ಕಾರ್ಡಿಗೆ ಅಂತ ಜೇಬಿಗೆ ಕೈಹಾಕಿದರೆ ಸಿಕ್ಕಿದ್ದು ಒಂದು ದುಂಡನೆಯ ಡಬ್ಬಿ, ಮತ್ತೆ ನಾಯಿ ಕಕ್ಕಸು ಎತ್ತುವ ಚೀಲಗಳ ಸುರುಳಿ. ನನಗೆ ನಾಯಿ ಇಲ್ಲ. ಮನೆ ಕೀಲಿಯೂ ಇಲ್ಲ.

ಓಡಿದೆವು. ಗಾಜಿನ ಮನೆಯ ಹೊರಗೆ ಆರಡಿ ದಾಟಿದ ಯಜಮಾನರೊಬ್ಬರು ನನ್ನ ಜಾಕೆಟ್ಟಿನಲ್ಲಿ ನಿಂತಿದ್ದರು. ತೋಳು ಮೊಣಕೈಗಿಂತ ಚೂರು ಕೆಳಗೆ ಮುಗಿದಿತ್ತು. ಪಕ್ಕದ ನಾಯಿ ನನ್ನನ್ನು ನೋಡಿ ಬಾಲ ಅಲ್ಲಾಡಿಸಿ ಹತ್ತಿರ ಬಂತು, ಮೂಸಿತು, ಯಜಮಾನರ ಮುಖ ನೋಡಿತು, ಮತ್ತೆ ನನ್ನ ಮುಖ ನೋಡಿತು. ಪಾಪ, ಅದಕ್ಕೆ ತಲೆ ಕೆಟ್ಟಿತ್ತು. ಯಜಮಾನರ ಒಂದು ಕೈಯಲ್ಲಿ ಅಮ್ಮನ ಕವಳದ ಸಂಚಿ. ಹೊಸ ಜಾಕೆಟ್ ಕೊಳೆಯಾಗುತ್ತೆ ಅಂತ ಬೆಳಗ್ಗೆ ನನ್ನ ಜೇಬಿಗೆ ತುರುಕಿದ್ದಳು. ಇನ್ನೊಂದು ಕೈಯಲ್ಲಿ ಅಡಕತ್ತರಿ. ಅದನ್ನು ಎರಡು ಬೆರಳಲ್ಲಿ, ಪೊಲೀಸರಿಗೆ ಒಪ್ಪಿಸುವ ಹಾಗೆ ಹಿಡಿದಿದ್ದರು.

ನಾನು ಕ್ಷಮೆ ಕೇಳಿದೆ. ಅವರೂ ಕೇಳಿದರು. ನಾಯಿಯೊಂದೇ ಕೇಳಲಿಲ್ಲ. ಅಮ್ಮ ಅಡಕತ್ತರಿ ಇಸಿದುಕೊಂಡು ಒಂದು ಅಡಿಕೆ ಕತ್ತರಿಸಿ ತೋರಿಸಿದಳು. ಅವರ ಮುಖ ಅರಳಿತು. ಡಬ್ಬಿ ತೆರೆದು ತೋರಿಸಿದರು. ಸ್ನೂಸ್, ಪುಟ್ಟ ಪುಟ್ಟ ಚೀಲದಲ್ಲಿ ಹೊಗೆಸೊಪ್ಪು. ಮೇಲ್ದುಟಿಯ ಒಳಗೆ ಇಟ್ಟುಕೊಂಡರೆ ಆಯಿತು.

‘ಉಗುಳೋದು ಎಲ್ಲಿ ಅಂತ ಕೇಳು’ ಅಂದಳು ಅಮ್ಮ.

ಕೇಳಿದೆ. ಉಗುಳುವುದೇ ಇಲ್ಲವಂತೆ.

ಅಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟಳು. ‘ನಿಮ್ಮಪ್ಪಂಗೆ ಇದೊಂದು ಕಲಿಸಿದ್ರೆ ನಮ್ಮನೆ ಜಗುಲಿ ಗೋಡೆ ಉಳೀತಿತ್ತು ನೋಡು.’